ಮೂಕಿ ರಾಣಿ ಮಾತು ಕಲಿತ ಕಥೆ



ಸುಲೋಚನಾ ಎಂಬ ನಟಿಯ ಹೆಸರು ಕೇಳಿದ್ದೀರಾ? ಮನೆಯಲ್ಲಿ ಅಜ್ಜಿಯನ್ನು ಕೇಳಿ ನೋಡಿ. "ಹಿಂದಿ ಸಿನಿಮಾದಲ್ಲಿ ತಾಯಿ ಪಾತ್ರ ಮಾಡ್ತಿದ್ದರಲ್ಲ, ಅವರೇ ತಾನೆ?" ಎನ್ನುತ್ತಾರೆ. ಅಲ್ಲ, ಅವರು ಸುಲೋಚನಾ ಲಾಟ್ಕರ್. ನಮ್ಮ ಬೆಳಗಾವಿ ಜಿಲ್ಲೆಯಲ್ಲಿ ಹುಟ್ಟಿದವರು, 2023ರಲ್ಲಿ ತೀರಿಕೊಂಡರು. ಸಿನಿಮಾ ಚರಿತ್ರೆ ಬಲ್ಲ ಮಾವನೋ ಚಿಕ್ಕಪ್ಪನೋ ಇದ್ದರೆ "ಸತಿ ಸುಲೋಚನಾ, 1934, ಕನ್ನಡದ ಮೊದಲ ಟಾಕಿ" ಎಂದು ಥಟ್ಟನೆ ಹೇಳಿಯಾರು. ಅದೂ ಅಲ್ಲ. ಆ ಚಿತ್ರದ ಸುಲೋಚನೆ ರಾಮಾಯಣದ ಇಂದ್ರಜಿತುವಿನ ಹೆಂಡತಿ.

ನಾನು ಹೇಳಹೊರಟಿರುವ ಸುಲೋಚನೆಯ ನಿಜವಾದ ಹೆಸರು ರೂಬಿ ಮೈಯರ್ಸ್. ಸಿನಿಮಾಕ್ಕೆ ಮಾತು ಬಾರದಿದ್ದ ಕಾಲದಲ್ಲಿ ಆಕೆ ಈ ನಮ್ಮ ಮುಂಬೈಯ ರಾಣಿ. ಸಿನಿಮಾಕ್ಕೆ ಮಾತು ಬಂದ ದಿನ ಆಕೆಗೇ ಮಾತು ಬರಲಿಲ್ಲ. ಆಮೇಲೆ ಏನು ಮಾಡಿದಳು ಎನ್ನುವುದೇ ಈ ಲೇಖನದ ವಿಷಯ. ಇದನ್ನು ನಿಮಗೇ ಏಕೆ ಹೇಳುತ್ತಿದ್ದೇನೆ ಎನ್ನುವುದನ್ನು ಕೊನೆಯಲ್ಲಿ ಹೇಳುತ್ತೇನೆ. ದಯವಿಟ್ಟು ಮೊದಲೇ ಕೊನೆಯ ಪುಟಕ್ಕೆ ಹಾರಬೇಡಿ!

ಟೆಲಿಫೋನ್ ಹುಡುಗಿ

ರೂಬಿ ಹುಟ್ಟಿದ್ದು 1907ರಲ್ಲಿ, ಪುಣೆಯಲ್ಲಿ. ಬಗ್ದಾದಿನ ಕಡೆಯಿಂದ ಬಂದು ಭಾರತದಲ್ಲಿ ನೆಲೆಸಿದ ಯಹೂದಿ ಸಮುದಾಯದವಳು. ಓದು ಬರಹ ಕಲಿತು ಟೆಲಿಫೋನ್ ಆಪರೇಟರ್ ಆಗಿ ಕೆಲಸಕ್ಕೆ ಸೇರಿದಳು. ಆಗಿನ ಟೆಲಿಫೋನೆಂದರೆ ರಿಸೀವರ್ ಎತ್ತಿದ ಕೂಡಲೇ ಎಕ್ಸ್‌ಚೇಂಜಿನ ಹುಡುಗಿ ಮಾತನಾಡಬೇಕು, ಯಾರು ಬೇಕೆಂದು ಕೇಳಿಕೊಂಡು ಕೈಯಾರೆ ವಯರು ಸಿಕ್ಕಿಸಿ ಸಂಪರ್ಕ ಕೊಡಬೇಕು. ಆ ಕೆಲಸದಲ್ಲಿ ಮುಖ ಯಾರಿಗೂ ಕಾಣದು, ದನಿ ಮಾತ್ರ ಕೇಳುತ್ತದೆ. ಆದರೆ ಆಕೆಯ ಬದುಕು ತಿರುಗಿದ್ದು ಮುಖದಿಂದ.

ಕೊಹಿನೂರ್ ಫಿಲ್ಮ್ ಕಂಪನಿಯ ಮೋಹನ್ ಭವನಾನಿ ಎಂಬ ನಿರ್ದೇಶಕರು ಆಕೆಯನ್ನು ನೋಡಿ ಸಿನಿಮಾದಲ್ಲಿ ನಟಿಸುತ್ತೀಯಾ ಎಂದು ಕೇಳಿದರು. ರೂಬಿ ಒಪ್ಪಲಿಲ್ಲ. ಅವರೂ ಬಿಡಲಿಲ್ಲ. ಅಂತೂ ಒಪ್ಪಿಸಿ 1925ರಲ್ಲಿ 'ವೀರ ಬಾಲಾ' ಎಂಬ ಚಿತ್ರದಲ್ಲಿ ತೆರೆಗೆ ತಂದರು. ರೂಬಿ ಮೈಯರ್ಸ್ ಹೋಗಿ ಸುಲೋಚನಾ ಆಯಿತು. ಆಗ ಆಕೆಗೆ ಹದಿನೆಂಟು ವರ್ಷ, ಎಂದರೆ ನಿಮ್ಮಲ್ಲಿ ಹಲವರ ವಯಸ್ಸು.

ಈ ಭವನಾನಿಯವರನ್ನು ಕನ್ನಡಿಗರು ಇನ್ನೊಂದು ಕಾರಣಕ್ಕೂ ನೆನೆಯಬೇಕು. ಮೂಕಿ ಯುಗ ಮುಗಿಯುತ್ತಿದ್ದ ಹೊತ್ತಿನಲ್ಲಿ ಅವರು ಮೃಚ್ಛಕಟಿಕ ನಾಟಕವನ್ನು 'ವಸಂತಸೇನಾ' ಎಂಬ ಚಿತ್ರವಾಗಿ ಮಾಡಿದರು. ಅದರಲ್ಲಿ ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯರೂ ನಮ್ಮ ಟಿ.ಪಿ. ಕೈಲಾಸಂ ಅವರೂ ನಟಿಸಿದ್ದರು. ಮಾತಿನ ಮಲ್ಲ ಕೈಲಾಸಂ, ಮಾತೇ ಇಲ್ಲದ ಸಿನಿಮಾದಲ್ಲಿ! ನೆನೆಸಿಕೊಂಡರೆ ಈಗಲೂ ನಗು ಬರುತ್ತದೆ.

ಮಾತಿಲ್ಲದ ಚಿತ್ರ ಎಂದರೆ

ಮೂಕಿ ಚಿತ್ರವೆಂದರೆ ಹೇಗಿರುತ್ತಿತ್ತು ಎಂದು ನಿಮಗೆ ಸ್ವಲ್ಪ ಹೇಳಬೇಕು. ಪಾತ್ರಗಳು ತುಟಿ ಆಡಿಸುತ್ತಿದ್ದವು, ಸದ್ದು ಬರುತ್ತಿರಲಿಲ್ಲ. ಮುಖ್ಯವಾದ ಮಾತಿದ್ದರೆ ಚಿತ್ರ ನಿಂತು ತೆರೆಯ ಮೇಲೆ ಅಕ್ಷರ ಮೂಡುತ್ತಿತ್ತು, ಒಂದೇ ಮಾತು ಎರಡು ಮೂರು ಭಾಷೆಗಳಲ್ಲಿ. ಓದಲು ಬಾರದವರಿಗೆ ಪಕ್ಕದವರು ಓದಿ ಹೇಳುತ್ತಿದ್ದರು. ತೆರೆಯ ಹತ್ತಿರ ಹಾರ್ಮೋನಿಯಂ, ತಬಲಾದವರು ಕುಳಿತು ದೃಶ್ಯಕ್ಕೆ ತಕ್ಕಂತೆ ನುಡಿಸುತ್ತಿದ್ದರು. ಆದ್ದರಿಂದ ನಟರು ಯಾವ ಭಾಷೆಯವರಾದರೂ ನಡೆಯುತ್ತಿತ್ತು. ಕಣ್ಣು, ಹುಬ್ಬು, ಕೈ ಮಾತನಾಡಿದರೆ ಸಾಕಿತ್ತು.

ಇನ್ನೊಂದು ವಿಷಯ. ಮರ್ಯಾದಸ್ಥ ಮನೆಯ ಹೆಂಗಸರು ಸಿನಿಮಾದಲ್ಲಿ ಮುಖ ತೋರಿಸಬಾರದೆಂಬ ಕಾಲ ಅದು. 1913ರ 'ರಾಜಾ ಹರಿಶ್ಚಂದ್ರ'ಕ್ಕೆ ದಾದಾಸಾಹೇಬ್ ಫಾಲ್ಕೆಯವರಿಗೆ ತಾರಾಮತಿ ಪಾತ್ರಕ್ಕೆ ಹೆಣ್ಣೇ ಸಿಗಲಿಲ್ಲ. ಕೊನೆಗೆ ಹೋಟೆಲಿನಲ್ಲಿ ಕೆಲಸ ಮಾಡುತ್ತಿದ್ದ ಅಣ್ಣಾ ಸಾಳುಂಕೆ ಎಂಬ ಹುಡುಗನಿಗೆ ಸೀರೆ ಉಡಿಸಿದರು. 1917ರ 'ಲಂಕಾ ದಹನ'ದಲ್ಲಿ ಅದೇ ಸಾಳುಂಕೆ ರಾಮನೂ ಆದ, ಸೀತೆಯೂ ಆದ! ಈ ಕೊರತೆಯನ್ನು ಬಹುಮಟ್ಟಿಗೆ ತುಂಬಿದವರು ಯಹೂದಿ ಮತ್ತು ಆಂಗ್ಲೋ ಇಂಡಿಯನ್ ಮನೆಗಳ ಹುಡುಗಿಯರು. ಅವರ ಮನೆಗಳಲ್ಲಿ ಹೆಣ್ಣುಮಕ್ಕಳು ಹೊರಗೆ ದುಡಿಯುವುದು ಹೊಸದಾಗಿರಲಿಲ್ಲ. ರೆನೀ ಸ್ಮಿತ್ ಸೀತಾದೇವಿಯಾದಳು, ರೂಬಿ ಸುಲೋಚನೆಯಾದಳು.

ಸುಲೋಚನೆಯ ಚಿತ್ರಗಳ ಹೆಸರು ಕೇಳಿದರೇ ಆ ಹುಡುಗಿ ಎಂಥವಳೆಂದು ಗೊತ್ತಾಗುತ್ತದೆ. 1926ರಲ್ಲಿ 'ಟೈಪಿಸ್ಟ್ ಗರ್ಲ್', 'ಸಿನಿಮಾ ಕ್ವೀನ್', ಜೊತೆಗೆ 'ಟೆಲಿಫೋನ್ ಗರ್ಲ್'. ಹೌದು, ಬಿಟ್ಟು ಬಂದ ಕೆಲಸವನ್ನೇ ತೆರೆಯ ಮೇಲೆ ಮಾಡಿದಳು. 1927ರ 'ವೈಲ್ಡ್‌ಕ್ಯಾಟ್ ಆಫ್ ಬಾಂಬೆ'ಯಲ್ಲಿ ಆಕೆ ಎಂಟು ವೇಷ ಹಾಕಿದಳು. ತೋಟದ ಮಾಲಿ, ಪೊಲೀಸಿನವನು, ಹೈದರಾಬಾದಿನ ಸಾಹೇಬ, ಬೀದಿ ಹುಡುಗ, ಬಾಳೆಹಣ್ಣು ಮಾರುವವಳು, ಹೊಂಗೂದಲ ಬಿಳಿ ದೊರೆಸಾನಿ, ಎಲ್ಲವೂ ಆಕೆಯೇ. 1929ರಲ್ಲಿ 'ಇಂದಿರಾ ಬಿ.ಎ.'. ಹೆಂಗಸರು ಸ್ಕೂಲಿಗೆ ಹೋಗುವುದೇ ದೊಡ್ಡದಾಗಿದ್ದ ಕಾಲದಲ್ಲಿ ಚಿತ್ರದ ಹೆಸರಿನಲ್ಲೇ ಡಿಗ್ರಿ!

ಆ ಹೊತ್ತಿಗೆ ಆಕೆ ಅರ್ದೇಶಿರ್ ಇರಾನಿಯವರ ಇಂಪೀರಿಯಲ್ ಕಂಪನಿಗೆ ಬಂದಿದ್ದಳು. 1928ರಲ್ಲಿ ಇನ್ನೊಂದು ಕಂಪನಿಯವರು ಸೀತಾದೇವಿಯನ್ನು ಹಾಕಿಕೊಂಡು ಅನಾರ್ಕಲಿಯ ಕಥೆಯನ್ನು ಚಿತ್ರ ಮಾಡುತ್ತಿದ್ದರು. ಸುದ್ದಿ ತಿಳಿದ ಇಂಪೀರಿಯಲ್‌ನವರು ಸುಲೋಚನೆಯನ್ನು ಅನಾರ್ಕಲಿ ಮಾಡಿ ಗಡಿಬಿಡಿಯಿಂದ ಚಿತ್ರ ಮುಗಿಸಿ ಅವರಿಗಿಂತ ಮೊದಲೇ ಬಿಡುಗಡೆ ಮಾಡಿಬಿಟ್ಟರು. ಆಕೆಯ ಜನಪ್ರಿಯತೆ ಎಷ್ಟಿತ್ತೆಂದರೆ, ಗಾಂಧೀಜಿ ಖಾದಿ ಪ್ರದರ್ಶನ ಉದ್ಘಾಟಿಸಿದ ಸಣ್ಣ ಚಿತ್ರವೊಂದನ್ನು ತೋರಿಸುವಾಗ ಅದರ ಜೊತೆಗೆ 'ಮಾಧುರಿ' ಚಿತ್ರದ ಆಕೆಯ ಕುಣಿತವನ್ನೂ ಸೇರಿಸಿ ತೋರಿಸಿದರು.

ತೆರೆ ಮಾತನಾಡಿತು

'ಮಾತು ಬೆಳ್ಳಿ, ಮೌನ ಬಂಗಾರ' ಎಂದು ನಮ್ಮ ಹಿರಿಯರ ಗಾದೆ. ಸುಲೋಚನೆಗೆ ಮೌನ ನಿಜವಾಗಿಯೂ ಬಂಗಾರವೇ ಆಗಿತ್ತು, 1931ರ ಮಾರ್ಚ್ 14ರವರೆಗೆ.

ಆ ದಿನ ಗಿರ್‌ಗಾಂವಿನ ಮೆಜೆಸ್ಟಿಕ್ ಚಿತ್ರಮಂದಿರದಲ್ಲಿ 'ಆಲಂ ಆರಾ' ತೆರೆ ಕಂಡಿತು. ಭಾರತದ ಮೊದಲ ಮಾತನಾಡುವ ಚಿತ್ರ. ಇಂಪೀರಿಯಲ್ ಸ್ಟುಡಿಯೋ ರೈಲು ಹಳಿಯ ಹತ್ತಿರವಿದ್ದುದರಿಂದ ಹಗಲಿನಲ್ಲಿ ರೈಲಿನ ಸದ್ದು. ಅದಕ್ಕಾಗಿ ನಡುರಾತ್ರಿ ಕಳೆದ ಮೇಲೆ, ರೈಲುಗಳು ಮಲಗಿದ ಹೊತ್ತಿನಲ್ಲಿ, ಮೈಕುಗಳನ್ನು ಅಲ್ಲಿ ಇಲ್ಲಿ ಬಚ್ಚಿಟ್ಟು ಚಿತ್ರೀಕರಣ ಮಾಡಿದರಂತೆ. ಏಳು ಹಾಡುಗಳು. ಜನ ಮುಗಿಬಿದ್ದರು.

ಗಮನಿಸಿ, ಅದನ್ನು ತೆಗೆದದ್ದು ಸುಲೋಚನೆಯ ಸ್ವಂತ ಕಂಪನಿ. ತೆಗೆದವರು ಆಕೆಯ ಯಜಮಾನರಾದ ಅರ್ದೇಶಿರ್ ಇರಾನಿ. ಆದರೆ ನಾಯಕಿ ಸುಲೋಚನೆಯಲ್ಲ, ಜುಬೇದಾ. ಈಗ ಬೇಕಾಗಿದ್ದುದು ಹಿಂದುಸ್ತಾನಿ ಮಾತು, ಮತ್ತು ಅದು ಸುಲೋಚನೆಗೆ ಬರುತ್ತಿರಲಿಲ್ಲ. ತೊಂದರೆ ಆಕೆಯೊಬ್ಬಳದೇ ಆಗಿರಲಿಲ್ಲ. 'ಆಲಂ ಆರಾ'ದ ನಾಯಕ ಮಾಸ್ಟರ್ ವಿಠ್ಠಲ್ ಮರಾಠಿಯವರು. ಅವರ ಉರ್ದು ಸರಿಬಾರದೆಂದು ಆ ಪಾತ್ರವನ್ನು ಬಹಳ ಹೊತ್ತು ಮಂಪರಿನಲ್ಲೇ ಇರಿಸಿದರೆಂದು ಹೇಳುತ್ತಾರೆ. ಸೀತಾದೇವಿಯಂಥ ತಾರೆಯೂ ಟಾಕಿ ಬಂದ ಮೇಲೆ ತೆರೆಯಿಂದ ಮರೆಯಾದಳು.

ಸುಲೋಚನೆಗೆ ಆಗ ಇಪ್ಪತ್ನಾಲ್ಕು ವರ್ಷ. ಹೆಸರಿತ್ತು, ಹಣವಿತ್ತು. ನೆಟ್ಟಗೆ ಮನೆಯಲ್ಲಿ ಕುಳಿತುಬಿಡಬಹುದಿತ್ತು. ಇಡೀ ದೇಶ ಬಲ್ಲ ಮುಖದವಳು ಮಕ್ಕಳ ಹಾಗೆ ಅಕ್ಷರ ತಿದ್ದಬೇಕು, ಉಚ್ಚಾರ ತಪ್ಪಿ ನಗೆಗೀಡಾಗಬೇಕು ಎಂದರೆ ಯಾರಿಗೆ ಮನಸ್ಸು ಬಂದೀತು? ಆಕೆಗೆ ಬಂತು. ಒಂದು ವರ್ಷ ಸಿನಿಮಾ ಬಿಟ್ಟು ಹಿಂದುಸ್ತಾನಿ ಕಲಿತಳು.

ನಾನೂ ಒಬ್ಬಳು 'ಬಿ.ಎ.'

ಈ ಒಂದು ವರ್ಷ ಎನ್ನುವ ಮಾತು ಓದಿದಾಗ ನನಗೆ ನನ್ನದೇ ಒಂದು ವರ್ಷ ನೆನಪಾಯಿತು. ಆದ್ದರಿಂದ ಕಥೆಯ ನಡುವೆ ಸ್ವಲ್ಪ ನನ್ನ ಪುರಾಣ, ಕ್ಷಮಿಸಿ.

ಮದುವೆಯಾಗಿ ಮಲೆನಾಡಿನಿಂದ ಡೊಂಬಿವಲಿಗೆ ಬಂದಾಗ ನಾನೂ ಬಿ.ಎ., ಅದೂ ಇಂಗ್ಲಿಷಿನಲ್ಲಿ. ಷೇಕ್ಸ್‌ಪಿಯರನ ನಾಟಕ ಓದಿ ಪಾಸಾದವಳಿಗೆ ತರಕಾರಿ ಗಾಡಿಯವನ ಮುಂದೆ ಹೀರೇಕಾಯಿ ಕೇಳಲು ಬಾರದು. ಬೆರಳು ತೋರಿಸುವುದು, ತಲೆ ಆಡಿಸುವುದು, ದುಡ್ಡನ್ನು ಅಂಗೈ ಮೇಲೆ ಹರಡಿ ಅವನೇ ಎಣಿಸಿಕೊಳ್ಳಲಿ ಎಂದು ನಿಲ್ಲುವುದು. ಅಪ್ಪಟ ಮೂಕಿ ಚಿತ್ರ! ಒಂದು ದಿನ ಧೈರ್ಯ ಮಾಡಿ ಲೋಕಲ್ ಟ್ರೈನಿನ ಹೆಂಗಸರ ಡಬ್ಬಿಯಲ್ಲಿ ಹಿಂದಿಯಲ್ಲಿ ಬಾಯಿ ತೆರೆದೆ. "ಮೈ ದಾದರ್ ಜಾತಾ ಹೂಂ" ಎಂದೆ. ನಮ್ಮ ಕನ್ನಡದಲ್ಲಿ 'ನಾನು ಹೋಗುತ್ತೇನೆ' ಎನ್ನಲು ಗಂಡೇನು, ಹೆಣ್ಣೇನು? ಹಿಂದಿಯಲ್ಲಿ ಹಾಗಲ್ಲವಲ್ಲ. ಡಬ್ಬಿಯೇ ಗೊಳ್ಳೆಂದಿತು. ಅವರು ಕೆಟ್ಟವರೇನಲ್ಲ, ನಕ್ಕು ಮರೆತರು. ನಾನು ಮಾತ್ರ ಮರೆಯಲಿಲ್ಲ. ಎರಡು ತಿಂಗಳು ಮನೆಯ ಹೊರಗೆ ತುಟಿ ಬಿಚ್ಚಲಿಲ್ಲ.

ಬಿಡಿಸಿದವರು ಪಕ್ಕದ ಮನೆಯ ಆಜಿ. ದಿನಾ ಮಧ್ಯಾಹ್ನ ಸೊಪ್ಪು ಬಿಡಿಸಲು ನನ್ನನ್ನು ಕರೆದು ಕೂರಿಸಿಕೊಳ್ಳುತ್ತಿದ್ದರು. ಹೀರೇಕಾಯಿ ತೋರಿಸಿ "ದೊಡಕಾ" ಎನ್ನುವರು, ನಾನೂ "ದೊಡಕಾ" ಎನ್ನುವೆ. ತಪ್ಪು ಹೇಳಿದರೆ ಸರಿಯಾದದ್ದನ್ನು ಇನ್ನೊಮ್ಮೆ ಮೆಲ್ಲಗೆ ಹೇಳುತ್ತಿದ್ದರು, ಅಷ್ಟೆ. ಅವರು ಒಮ್ಮೆಯೂ ನಗಲಿಲ್ಲ. ವರ್ಷ ತುಂಬುವಷ್ಟರಲ್ಲಿ ನಾನು ಗಾಡಿಯವನ ಹತ್ತಿರ ಚೌಕಾಸಿ ಮಾಡುವಷ್ಟು ಮರಾಠಿ ಕಲಿತಿದ್ದೆ. ನನ್ನ ಮಟ್ಟಿಗೆ ಅದೇ ದೊಡ್ಡ ಪದವಿ.

ಬಿ.ಎ. ಹೋಗಿ ಎಂ.ಎ. ಆಯಿತು

ಈಗ ಸುಲೋಚನೆಯ ಕಥೆಗೆ ಮರಳೋಣ. 1932ರಲ್ಲಿ ಆಕೆ ಹಿಂದಿರುಗಿದಳು. ಯಾವ ಚಿತ್ರದಿಂದ ಗೊತ್ತೇ? ಅದೇ 'ಮಾಧುರಿ'. ಮೂಕಿಯಾಗಿ ಜನ ಮೆಚ್ಚಿದ್ದ ಚಿತ್ರವನ್ನೇ ಈ ಸಲ ಮಾತನಾಡುತ್ತ ಮಾಡಿದಳು. ಹೊಸ ಮಾತನ್ನು ಹಳೆಯ ಮಾಧುರಿಯ ಬಾಯಲ್ಲೇ ಜನರಿಗೆ ಕೇಳಿಸಿದಳು. ಜನ ಒಪ್ಪಿದರು. ಮುಂದೆ ಒಂದೊಂದಾಗಿ ಹಳೆಯ ಯಶಸ್ಸುಗಳಿಗೆಲ್ಲ ದನಿ ಬಂತು. 1934ರಲ್ಲಿ 'ಇಂದಿರಾ ಎಂ.ಎ.'. ಮೂಕಿಯಲ್ಲಿ ಬಿ.ಎ. ಆಗಿದ್ದ ಇಂದಿರೆ ಟಾಕಿಯಲ್ಲಿ ಎಂ.ಎ. ಪಾಸು ಮಾಡಿದಳು! 1935ರಲ್ಲಿ 'ಅನಾರ್ಕಲಿ', 1936ರಲ್ಲಿ ಎಂಟು ವೇಷದ ಆ ಚಿತ್ರ 'ಬಂಬಯಿ ಕಿ ಬಿಲ್ಲಿ'ಯಾಗಿ ಬಂತು. ಜೊತೆಗಾರ ಡಿ. ಬಿಲ್ಲಿಮೋರಿಯಾ. 1933ರಿಂದ 1939ರವರೆಗೆ ಇಬ್ಬರದೂ ಬಿಡದ ಜೋಡಿ. ಆಕೆಯ ಸಂಬಳ ತಿಂಗಳಿಗೆ 5000 ರೂಪಾಯಿ, ಓಡಾಡಲು ಹೊಸ ಶೆವರ್ಲೆ ಕಾರು. ಮುಂಬೈ ಗವರ್ನರಿಗಿಂತ ಈಕೆಗೇ ಹೆಚ್ಚು ಸಂಬಳ ಎಂದು ಊರೆಲ್ಲ ಮಾತನಾಡಿಕೊಳ್ಳುತ್ತಿತ್ತು. ತನ್ನದೇ 'ರೂಬಿ ಪಿಕ್ಸ್' ಎಂಬ ಸಂಸ್ಥೆಯನ್ನೂ ಕಟ್ಟಿದಳು.

ಇಲ್ಲಿಗೇ ನಿಲ್ಲಿಸಿದರೆ ಇದು ನೀತಿಕಥೆಯಾದೀತು. ಆದರೆ ಬದುಕು ಮುಂದೆಯೂ ಇರುತ್ತದೆ. 1930ರ ದಶಕ ಮುಗಿಯುವ ಹೊತ್ತಿಗೆ ಹೊಸ ಮುಖಗಳು, ಹೊಸ ದನಿಗಳು ಬಂದವು. ಆಕೆಗೆ ಪಾತ್ರಗಳು ಕಡಿಮೆಯಾದವು, ಬಂದವೂ ಸಣ್ಣವಾದವು. 1953ರಲ್ಲಿ ಮತ್ತೊಂದು 'ಅನಾರ್ಕಲಿ' ಬಂತು. ನಾಯಕಿ ಬೀನಾ ರಾಯ್. ಆ ಚಿತ್ರದಲ್ಲಿ ಸಲೀಮನ ತಾಯಿಯಾಗಿ ನಟಿಸಿದ್ದು ನಮ್ಮ ಸುಲೋಚನೆ. ಲೆಕ್ಕ ಹಾಕಿ: 1928ರಲ್ಲಿ ಮಾತಿಲ್ಲದ ಅನಾರ್ಕಲಿ, 1935ರಲ್ಲಿ ಮಾತನಾಡುವ ಅನಾರ್ಕಲಿ, 1953ರಲ್ಲಿ ಅನಾರ್ಕಲಿಗೆ ಅತ್ತೆಯಾಗಬೇಕಾಗಿದ್ದವಳು! ನಾಯಕಿಯಾಗಿದ್ದ ಕಥೆಯಲ್ಲೇ ಬದಿಗೆ ನಿಲ್ಲುವುದು ಸುಲಭವಲ್ಲ. ಆಕೆ ನಿಂತಳು. ಸಣ್ಣ ಪಾತ್ರಗಳನ್ನು ಮಾಡುತ್ತ 1970ರ ದಶಕದವರೆಗೂ ತೆರೆಯ ಮೇಲಿದ್ದಳು.

1973ನೇ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಆಕೆಗೆ ಸಂದಿತು. ಹೆಣ್ಣು ಸಿಗದೆ ಹುಡುಗನಿಗೆ ಸೀರೆ ಉಡಿಸಿದ ಅದೇ ಫಾಲ್ಕೆಯವರ ಹೆಸರಿನ ಪ್ರಶಸ್ತಿ! 1983ರ ಅಕ್ಟೋಬರ್ 10ರಂದು ಆಕೆ ಮುಂಬೈಯಲ್ಲಿ ತೀರಿಕೊಂಡಳು. 2013ರಲ್ಲಿ ಭಾರತೀಯ ಸಿನಿಮಾಕ್ಕೆ ನೂರು ತುಂಬಿದಾಗ ಅಂಚೆ ಇಲಾಖೆ ತಂದ ಚೀಟಿಗಳಲ್ಲಿ ಆಕೆಯ ಮುಖವೂ ಇತ್ತು.

ಆಕೆಯ ಮೂಕಿ ಚಿತ್ರಗಳನ್ನು ನೋಡೋಣವೆಂದರೆ ಅವು ಸಿಗುವುದಿಲ್ಲ. ಆಗಿನ ಫಿಲಂ ಬೇಗ ಹೊತ್ತಿಕೊಳ್ಳುವಂಥದು, ಕಾಪಾಡದಿದ್ದರೆ ತಾನಾಗಿಯೇ ಪುಡಿಯಾಗುವಂಥದು. ಅದರಲ್ಲಿದ್ದ ಬೆಳ್ಳಿಗಾಗಿ ಕರಗಿಸಿದವರೂ ಉಂಟು. ಪುಣೆಯಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಶುರುವಾದದ್ದು 1964ರಲ್ಲಿ. ಅಷ್ಟರಲ್ಲಿ ತಡವಾಗಿಹೋಗಿತ್ತು. ಭಾರತದಲ್ಲಿ ತಯಾರಾದ ಸುಮಾರು 1300 ಮೂಕಿ ಚಿತ್ರಗಳಲ್ಲಿ ಉಳಿದಿರುವುದು ತೀರಾ ಕೆಲವು. 'ಆಲಂ ಆರಾ'ದ ಒಂದು ಪ್ರತಿಯೂ ಇಲ್ಲ. ನಮ್ಮ 'ಸತಿ ಸುಲೋಚನಾ' ಕೂಡ ಇಲ್ಲ. ನಾಳೆ ನೋಡಿಕೊಂಡರಾಯಿತು ಎಂದು ಬಿಟ್ಟದ್ದು ನಾಳೆ ಇರಲಿಲ್ಲ.

ಇದನ್ನು ನಿಮಗೇ ಏಕೆ ಹೇಳಿದೆ

ಈಗ ಮೊದಲೇ ಮಾತು ಕೊಟ್ಟ ವಿಷಯ. ಇದನ್ನು ಬರೆಯುವುದು ನನಗೆ ಸ್ವಲ್ಪ ಕಷ್ಟ.

ನನ್ನ ಮಗನಿಗೆ ಆಗ ಒಂಬತ್ತು ವರ್ಷ. ಊರಿನಿಂದ ನನ್ನ ಅಮ್ಮ ಫೋನು ಮಾಡಿದ್ದರು. ಅವನು ಓಡಿ ಬಂದು ಫೋನು ತೆಗೆದುಕೊಂಡು "ಅಜ್ಜೀ, ನೀನು ಯಾವಾಗ ಬರ್ತದೆ?" ಎಂದ. ಮನೆ ತುಂಬ ನೆಂಟರಿದ್ದರು. ಎಲ್ಲರೂ ಬಿದ್ದು ಬಿದ್ದು ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವಳು ನಾನು. ಆಮೇಲೆ ಆ ಮಾತನ್ನು ಸಂಘದ ಗೆಳತಿಯರಿಗೆಲ್ಲ ಹೇಳಿ ಹೇಳಿ ನಗಿಸಿದೆ, ಅವನ ಎದುರಿಗೇ.

ಅಂದಿನಿಂದ ಅವನು ಅಜ್ಜಿಯ ಹತ್ತಿರ ಕನ್ನಡ ಆಡಲಿಲ್ಲ. ಫೋನು ಕೊಟ್ಟರೆ "ಹೂಂ" ಎನ್ನುವನು, ಇಲ್ಲವೇ "ಊಹೂಂ". ಹುಡುಗ ನಾಚಿಕೆ ಸ್ವಭಾವದವನು ಎಂದುಕೊಂಡೆ. ಅಮ್ಮ ಹೋದಾಗ ಅವನಿಗೆ ಹತ್ತೊಂಬತ್ತು. ಹತ್ತು ವರ್ಷ ಅಜ್ಜಿಯೂ ಮೊಮ್ಮಗನೂ ಮೂಕಿ ಚಿತ್ರದಲ್ಲೇ ಇದ್ದರು. ಅಕ್ಷರ ಓದಿ ಹೇಳುವ ಪಕ್ಕದವಳು ನಾನು. ಅಮ್ಮನ ಹದಿಮೂರನೆಯ ದಿನ ಕಳೆದ ಮೇಲೆ ಅವನು ನನ್ನ ಹತ್ತಿರ ಹೇಳಿದ: "ಅಮ್ಮಾ, ನಂಗೆ ಅಜ್ಜಿ ಹತ್ರ ತುಂಬ ಕೇಳೋದಿತ್ತು. ತಪ್ಪಾಗ್ತದೆ ಅಂತ ಸುಮ್ನಿದ್ದೆ."

ಲೋಕಲ್ ಟ್ರೈನಿನಲ್ಲಿ ನನ್ನನ್ನು ನೋಡಿ ನಕ್ಕ ಹೆಂಗಸರನ್ನು ನಾನು ಎಷ್ಟು ವರ್ಷ ನೆನಪಿಟ್ಟುಕೊಂಡಿದ್ದೆ! ನಾನೇ ಆ ಡಬ್ಬಿಯ ಹೆಂಗಸಾದದ್ದು ನನಗೆ ಗೊತ್ತೇ ಆಗಲಿಲ್ಲ.

ಆದ್ದರಿಂದ ಮಕ್ಕಳೇ, ರಾಜ್ಯೋತ್ಸವದ ದಿನ ಸಭಾಗೃಹದ ಹಿಂದಿನ ಸಾಲಿನಲ್ಲಿ ಸುಮ್ಮನೆ ಕುಳಿತಿರುವ ನಿಮ್ಮನ್ನು ನೋಡಿದಾಗ ಇವರಿಗೆ ಅಭಿಮಾನವಿಲ್ಲ ಎಂದು ನಾನು ಈಗ ಹೇಳುವುದಿಲ್ಲ. ನಾಟಕದ ಮಾತುಗಳನ್ನು ನಾಗರಿ ಅಕ್ಷರದಲ್ಲಿ ಬರೆದುಕೊಂಡು ಬಾಯಿಪಾಠ ಮಾಡುವವರೂ ನೀವೇ. ಕನ್ನಡ ನಿಮಗೆ ಅರ್ಥವಾಗುತ್ತದೆ, ಬಾಯಿಗೆ ಬರುವುದಿಲ್ಲ. ಅದರಲ್ಲಿ ಅರ್ಧ ತಪ್ಪು ನಮ್ಮದು. ಸಂಘದ ನನ್ನ ವಯಸ್ಸಿನವರಲ್ಲಿಯೂ ಕೈಮುಗಿದು ಕೇಳುತ್ತೇನೆ: ಮಕ್ಕಳು 'ಅಜ್ಜಿ ಬರ್ತದೆ' ಎಂದರೆ 'ಅಜ್ಜಿ ಬರ್ತಾರೆ' ಎಂದು ಮೆಲ್ಲಗೆ ಹೇಳಿ, ನಗಬೇಡಿ.

ಇನ್ನರ್ಧ ನಿಮ್ಮ ಕೈಯಲ್ಲಿದೆ. ಇಡೀ ದೇಶ ನೋಡುತ್ತಿರುವಾಗ, ಇಪ್ಪತ್ನಾಲ್ಕನೆಯ ವಯಸ್ಸಿನಲ್ಲಿ, ಒಬ್ಬ ಸಿನಿಮಾ ರಾಣಿ ಪಾಠಕ್ಕೆ ಕುಳಿತಳು. ಆಕೆಗೆ ಬೇಕಾದದ್ದು ಒಂದು ವರ್ಷ. ನಿಮಗೆ ಅಷ್ಟೂ ಬೇಡ, ಕಿವಿಯಲ್ಲಿ ಆಗಲೇ ಕನ್ನಡ ಇದೆ. ಈ ಭಾನುವಾರ ಊರಿಗೆ ಫೋನು ಮಾಡಿ. ಅಜ್ಜಿ, ಅಜ್ಜ, ದೊಡ್ಡಮ್ಮ, ಯಾರಿದ್ದಾರೋ ಅವರಿಗೆ. ಒಂದು ಪ್ರಶ್ನೆ ಕೇಳಿ, ತಪ್ಪಾದರೆ ಆಗಲಿ. ಅವರು ನಕ್ಕರೂ ಫೋನು ಇಡಬೇಡಿ.

ನನ್ನ ಮಗ ಈಗ ತಿಂಗಳಿಗೆ ಒಂದೆರಡು ಸಲ ಊರಿನಲ್ಲಿರುವ ನನ್ನ ಅಕ್ಕನಿಗೆ ತಾನೇ ಫೋನು ಮಾಡುತ್ತಾನೆ. ಹೋದ ವಾರ ಪಕ್ಕದ ಕೋಣೆಯಿಂದ ಕೇಳಿಸಿತು: "ದೊಡ್ಡಮ್ಮಾ, ಅಜ್ಜಿ ಸಣ್ಣವಳಿದ್ದಾಗ ಹೇಗಿತ್ತು?" ಎಂದು ಕೇಳುತ್ತಿದ್ದ. 'ಹೇಗಿತ್ತು' ಅಲ್ಲ, 'ಹೇಗಿದ್ದಳು' ಎನ್ನಬೇಕಿತ್ತು. ಬಾಯಿ ತುದಿಯವರೆಗೆ ಬಂತು. ನುಂಗಿಕೊಂಡು ಒಳಗೆ ಹೋಗಿ ಕುಕ್ಕರ್ ಇಟ್ಟೆ. ಆ ಕಡೆಯಿಂದ ಅಕ್ಕ ಹೇಳಲು ಶುರುಮಾಡಿದ್ದಳು. ಮಾತು ಬಹಳ ಹೊತ್ತು ನಡೆಯಿತು.